ಎಡಬಾಗಿಲಿನ ಗೀರು

ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಕಾಲಲ್ಲಿ ಒಂದೇ ಚಪ್ಪಲಿ ಇತ್ತು. ಇನ್ನೊಂದು ಎಲ್ಲಿ ಬಿತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ.

"ನಮ್ಮನೆಯವ್ರನ್ನ ಯಾರೋ ಹೊಡೆದು ಹಾಕಿದಾರೆ ಸಾರ್. ಶೆಡ್ಡಲ್ಲಿ ಬಿದ್ದಿದಾರೆ. ಮುಖ ಇಲ್ಲ."

"ಮುಖ ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಶರ್ಟ್ ನೋಡಿ ಗುರುತು ಹಿಡಿದೆ."

ಹೆಡ್ ಕಾನ್‌ಸ್ಟೇಬಲ್ಲನ್ನು ಠಾಣೆಯಲ್ಲಿ ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು. ಯಾವ ಬಾಗಿಲಿಗೂ ತಲೆ ತಗ್ಗಿಸದೆ ಒಳಗೆ ಹೋಗಲಾರದ ಆಳು. ಮೂವತ್ತು ವರ್ಷದ ನೌಕರಿಯಲ್ಲಿ ಹೆಣ ನೋಡಿ ಸಾಕಾಗಿದ್ದ ಅವನು ಆ ಮಾತಿಗೆ ಬರೆಯುತ್ತಿದ್ದ ಪೆನ್ನು ಎತ್ತಿ ಅವಳ ಮುಖ ನೋಡಿದ. ಇನ್‌ಸ್ಪೆಕ್ಟರ್ ಮೇಡಂ ಆಗಷ್ಟೇ ಜೀಪಿನಿಂದ ಇಳಿಯುತ್ತಿದ್ದರು. ದೂರು ಬರೆಸಿಕೊಂಡು, ಎಫ್‌ಐಆರ್ ದಾಖಲಿಸಿ, ಅವಳಿಗೆ ನೀರು ಕುಡಿಸಿ, ಅವಳನ್ನೇ ಜೀಪಿನಲ್ಲಿ ಕೂರಿಸಿಕೊಂಡು ಹೊರಟರು.

ಸತ್ತವನು ಹಳೇ ಕಾರುಗಳ ದಲ್ಲಾಳಿ. ಅಡ್ಡಹೆಸರು ಪಾಲಿಶ್. ಗುಜರಿಗೆ ಹಾಕಬೇಕಾದ ಗಾಡಿಯನ್ನೂ ತಿಕ್ಕಿ, ತೀಡಿ, ಮದುವೆ ಹೆಣ್ಣಿನಂತೆ ನಿಲ್ಲಿಸುತ್ತಿದ್ದ ಕೈ ಅವನದು. ಬೀದಿಯಲ್ಲಿ ಅವನನ್ನು ಬೈಯದವರಿರಲಿಲ್ಲ, ಅವನ ಜೊತೆ ಕಾಫಿ ಕುಡಿಯದವರೂ ಇರಲಿಲ್ಲ. ಅವನ ತಗಡಿನ ಶೆಡ್ಡು ಒಂದು ಟೈರಂಗಡಿಯ ಪಕ್ಕದಲ್ಲಿ, ಇಸ್ತ್ರಿ ಅಂಗಡಿಯ ಎದುರಿಗಿತ್ತು. ಶಟರು ಅರ್ಧ ಎತ್ತಿತ್ತು. ಉದ್ದಣ್ಣ ಬಗ್ಗಿ ಒಳಗೆ ಹೋದವನು ಹಾಗೆಯೇ ಬಗ್ಗಿಕೊಂಡು ನಿಂತುಬಿಟ್ಟ.

ಹೆಣ ಅಂಗಾತ ಬಿದ್ದಿತ್ತು. ಪಕ್ಕದಲ್ಲಿ ಚಕ್ರದ ಬೋಲ್ಟು ಬಿಚ್ಚುವ ವೀಲ್ ಸ್ಪ್ಯಾನರು, ಹಿಡಿಯವರೆಗೂ ರಕ್ತ. ಮೊದಲ ಏಟು ಕಿವಿಯ ಹಿಂದೆ ಬಿದ್ದಿದೆ, ಎರಡನೆಯದಕ್ಕೋ ಮೂರನೆಯದಕ್ಕೋ ಪ್ರಾಣ ಹೋಗಿದೆ ಎಂದರು ಸ್ಥಳಕ್ಕೆ ಬಂದ ಡಾಕ್ಟರು. ಆಮೇಲೂ ಹೊಡೆದಿದ್ದಾನೆ, ಮುಖ ಮುಖವಾಗಿ ಉಳಿಯದಷ್ಟು ಹೊಡೆದಿದ್ದಾನೆ. ಕೊನೆಗೆ ಬಲಗೈಯನ್ನು ಸಿಮೆಂಟಿನ ಮೇಲೆ ಚಾಚಿಟ್ಟು ಬೆರಳು ಬೆರಳನ್ನೂ ಜಜ್ಜಿದ್ದಾನೆ.

"ಕೈಗೆ ಬಿದ್ದ ಏಟಲ್ಲಿ ರಕ್ತ ಹರಿದಿಲ್ಲ ನೋಡಿ," ಎಂದರು ಡಾಕ್ಟರು. "ಅಷ್ಟೊತ್ತಿಗೆ ಮನುಷ್ಯ ಸತ್ತಿದ್ದ."

"ಸತ್ತವನ ಕೈ ಮೇಲೆ ಅವನಿಗೇನು ಸಿಟ್ಟು?" ಇನ್‌ಸ್ಪೆಕ್ಟರ್ ಕೇಳಿದರು.

ಟೈರಂಗಡಿಯವನನ್ನೂ ಅವನ ಭಾವನನ್ನೂ ಪಂಚರನ್ನಾಗಿ ಕರೆದು ಪಂಚನಾಮೆ ಶುರುಮಾಡಿದರು. ಟೈರಂಗಡಿಯವನು ಒಂದು ಸಲ ಒಳಗೆ ನೋಡಿ ಹೊರಗೆ ನಿಂತೇ ಸಹಿ ಹಾಕಿದ. ಸಿಕ್ಕಿದ್ದು ಇಷ್ಟು: ಬಣ್ಣ ತಿಕ್ಕಿ ತೆಗೆಯುವ ಕೈಮಷೀನು, ಗೋಡೆಯಿಂದ ವೈರು ಕಿತ್ತು ಚೂರುಚೂರು ಮಾಡಿದ್ದು. ನೆಲದ ಮೇಲೂ ಹೆಣದ ಶರ್ಟಿನ ತೋಳಿನ ಮೇಲೂ ಕೆಂಪು ಬಣ್ಣದ ಪುಡಿ. ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಒಳಗೆ ನೋಟಿನ ಕಟ್ಟುಗಳು, ಮುಟ್ಟಿಲ್ಲ. ಸತ್ತವನ ಜೇಬಿನ ದುಡ್ಡೂ ಹಾಗೆಯೇ ಇತ್ತು. ಕಾಣೆಯಾಗಿದ್ದು ಶೆಡ್ಡಿನಲ್ಲಿ ಮಾರಾಟಕ್ಕೆ ನಿಲ್ಲಿಸಿದ್ದ ಕೆಂಪು ಕಾರು ಮಾತ್ರ.

"ದರೋಡೆ ಅಲ್ಲ ಮೇಡಂ," ಎಂದ ಉದ್ದಣ್ಣ. "ಕದಿಯೋಕೆ ಬಂದವನು ದುಡ್ಡು ತಂದು ಇಟ್ಟು ಹೋಗ್ತಾನಾ?"

"ಕೊಳ್ಳೋಕೇ ಬಂದಿದ್ದ. ದುಡ್ಡೂ ತಂದಿದ್ದ. ಕೊಟ್ಟು ಬೀಗದ ಕೈ ಇಸ್ಕೊಂಡು ಹೋಗೋದು ಬಿಟ್ಟು ಇದನ್ನ ಯಾಕೆ ಮಾಡಿದ?"

ಪಾಲಿಶ್‌ನ ಫೋನಿನಲ್ಲಿ ಆ ಕಾರಿನ ಜಾಹೀರಾತು ಸಿಕ್ಕಿತು. ಅವನ ಸ್ವಂತ ಸಾಹಿತ್ಯ. 'ಇಪ್ಪತ್ತೇಳು ವರ್ಷದ ಕೆಂಪು ಟರ್ಬೊ, ಎರಡು ಬಾಗಿಲು. ಓಡಿದ್ದು ಬರೀ ಇಪ್ಪತ್ತೆರಡು ಸಾವಿರ ಕಿಲೋಮೀಟರು. ಇಂಜಿನ್ ಹೊಸ ಮದುಮಗ. ಮೈಮೇಲೆ ಸಣ್ಣಪುಟ್ಟ ಗೀರು, ನೋಡಿದರೆ ಉಂಟು, ನೋಡದಿದ್ದರೆ ಇಲ್ಲ.' ಇಂಥ ಜಾಹೀರಾತು ಬರೆದವನನ್ನು ಕೊಲ್ಲಬೇಕೆಂದು ಯಾರಿಗಾದರೂ ಅನ್ನಿಸಬಹುದು, ಆದರೆ ನಿಜವಾಗಿ ಕೊಲ್ಲುವುದಿಲ್ಲ.

ಟೈರಂಗಡಿಯವನು ಒಂದು ಸುಳಿವು ಕೊಟ್ಟ. ಎರಡು ದಿನದ ಹಿಂದೆ ಜಿಮ್ ನಡೆಸುವ ಒಬ್ಬ ಬಂದು ಇದೇ ಕಾರಿನ ವಿಚಾರಕ್ಕೆ ಪಾಲಿಶ್‌ನ ಕಾಲರ್ ಹಿಡಿದಿದ್ದನಂತೆ. ಹನ್ನೊಂದು ಗಂಟೆಗೆ ಅವನನ್ನು ಠಾಣೆಗೆ ಕರೆತಂದರು. ಕುರ್ಚಿಯ ಎರಡೂ ಕಡೆ ತುಂಬಿ ಹೊರಬರುವಂಥ ಮೈ. ಬೆರಳ ಗೆಣ್ಣುಗಳು ಸುಲಿದಿದ್ದವು.

"ಕೈಗೇನಾಯ್ತು?"

"ಮರಳಿನ ಚೀಲಕ್ಕೆ ಗುದ್ದಿದ್ದು ಮೇಡಂ. ದಿನಾ ಗುದ್ತೀನಿ."

"ನಿನ್ನೆ ರಾತ್ರಿ ಎಲ್ಲಿದ್ದೆ?"

"ಭಾರ ಎತ್ತೋ ಸ್ಪರ್ಧೆ ನಡೆಸ್ತಿದ್ದೆ. ನೂರು ಜನ ನೋಡಿದಾರೆ, ವಿಡಿಯೊ ಇದೆ."

"ಕಾಲರ್ ಹಿಡಿದಿದ್ದು ಸುಳ್ಳಾ?"

"ನಿಜ. ಬಾಗಿಲ ಮೇಲೆ ಗೀರಿದೆ, ರೇಟ್ ಇಳಿಸು ಅಂದೆ. ಇದು ಗೀರಲ್ಲ, ವಯಸ್ಸಾದವರ ಮುಖದ ಗೆರೆ ಅಂದ. ಕೋಪ ಬಂತು. ಆದ್ರೆ ಕಾಲರ್ ಹಿಡಿಯೋದೇ ಬೇರೆ, ತಲೆ ಒಡೆಯೋದೇ ಬೇರೆ, ಅಲ್ವಾ ಮೇಡಂ?" ಎಂದ. ಚೌಕಾಸಿಗೆಂದು ತೆಗೆದಿಟ್ಟುಕೊಂಡಿದ್ದ ಫೋಟೊ ತೋರಿಸಿದ.

ಕಾರಿನ ಎಡಬಾಗಿಲು. ಹಿಡಿಕೆಯ ಕೆಳಗೆ, ದೊಡ್ಡವರ ತೊಡೆಯಷ್ಟು ಎತ್ತರದಲ್ಲಿ, ಕಲ್ಲಿನಿಂದ ಕೆರೆದ ಗೀರುಗಳು. ಸುಮ್ಮನೆ ಕೆರೆದದ್ದಲ್ಲ, ಚಿತ್ರ. ಒಂದು ದೊಡ್ಡ ಮನುಷ್ಯಾಕೃತಿ, ಒಂದು ನಡುವಿನದು, ಒಂದು ಚಿಕ್ಕದು. ಚಿಕ್ಕದರ ತಲೆಗೂದಲು ಪೊರಕೆಯಂತೆ ಕೆದರಿತ್ತು. ಬಣ್ಣ ಹೋಗಿ ತಗಡು ಕಾಣುವಷ್ಟು ಆಳವಾಗಿ ಒತ್ತಿ ಬರೆದಿತ್ತು.

"ಮಗು ಕೆಲಸ," ಎಂದ ಉದ್ದಣ್ಣ. ವಿಡಿಯೊ ನೋಡಿ, ಸಮಯ ತಾಳೆ ಹಾಕಿ, ಜಿಮ್ಮಿನವನನ್ನು ಕಳಿಸಿಕೊಟ್ಟರು.

ಎದುರಿನ ಇಸ್ತ್ರಿ ಅಂಗಡಿಯ ಹೆಂಗಸು ತನ್ನ ಹೇಳಿಕೆಯನ್ನು ಇಸ್ತ್ರಿ ಪೆಟ್ಟಿಗೆ ಕೆಳಗಿಡದೆಯೇ ಕೊಟ್ಟಳು. ಬಟ್ಟೆ ತಿಕ್ಕುತ್ತ ಇಡೀ ಬೀದಿಯನ್ನು ಓದುವ ಅಭ್ಯಾಸ ಅವಳಿಗೆ.

"ಸಂಜೆ ಆರು ಗಂಟೆಗೆ ಒಬ್ಬ ಬಂದ. ಅಗಲ ಭುಜ. ಬೇರೆ ಗಿರಾಕಿಗಳು ಮೊದ್ಲು ಇಂಜಿನ್ ನೋಡ್ತಾರೆ. ಇವ್ನು ಸೀದಾ ಎಡಗಡೆ ಹೋಗಿ ಬಾಗಿಲು ತೆಗೆದು, ಒಂಚೂರು ಮೇಲಕ್ಕೆತ್ತಿ ಹಾಕಿದ. ಒಂದೇ ಸಲಕ್ಕೆ ಕೂತ್ಕೊಳ್ತು."

"ಅದರಲ್ಲೇನು ವಿಶೇಷ?"

"ಅಯ್ಯೋ, ಆ ಬಾಗಿಲು ಜೋತುಬಿದ್ದಿದೆ ಮೇಡಮ್ಮೋರೇ! ಪಾಲಿಶಪ್ಪನೇ ದಿನಕ್ಕೆ ಮೂರು ಮೂರು ಸಲ ಗುದ್ದಿ ಹಾಕ್ತಿದ್ದ. ನನಗೆ ಇಲ್ಲಿ ತಲೆನೋವು. ಇವ್ನಿಗೆ ಅದರ ಮರ್ಮ ಗೊತ್ತಿತ್ತು."

"ಆಮೇಲೆ?"

"ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತ. ಅಂಗೈ ಆ ಗೀರಿನ ಮೇಲಿಟ್ಕೊಂಡು ಎಷ್ಟೊತ್ತು ಕೂತಿದ್ನೋ. ಆಮೇಲೆ ಬೈಕಲ್ಲಿ ಹೋದ. ಅವ್ನು ಹೋದ್ಮೇಲೆ ಒಳಗೆ ಗರ್ ಅಂತ ಮಷೀನ್ ಸದ್ದು. ನಾನು ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಅವ್ನು ಚೀಲ ಹಿಡ್ಕೊಂಡು ನಡ್ಕೊಂಡು ವಾಪಸ್ ಬರ್ತಿದ್ದ. ಮುಖದಲ್ಲಿ ಸಂತೋಷ ಇತ್ತು, ಸುಳ್ಳು ಯಾಕೆ ಹೇಳ್ಲಿ."

ಜೀಪಿನಲ್ಲಿ ಇನ್‌ಸ್ಪೆಕ್ಟರ್ ಲೆಕ್ಕ ಹಾಕಿದರು. ಬೈಕು ಮಾರಿ ದುಡ್ಡು ಮಾಡಿಕೊಂಡು ಬಂದಿದ್ದಾನೆ. ಆ ಕಾರಿನ ಬಾಗಿಲು ಹಾಕಿ ತೆಗೆದು ಅಭ್ಯಾಸವಿದ್ದವನು. ಅಂದರೆ ಹಿಂದಿನ ಮಾಲೀಕನ ಕಡೆಯವನು. ಸಾರಿಗೆ ಕಚೇರಿಗೆ ಫೋನು ಮಾಡಿದರು. ಕಾರು ಊರಿನ ಇನ್ನೊಂದು ತುದಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡ ಹೆಂಗಸಿನ ಹೆಸರಿನಲ್ಲಿತ್ತು. ಅವಳ ಫೋನು ಹೊಡೆದುಕೊಂಡಿತು, ಎತ್ತಲಿಲ್ಲ.

ಅಷ್ಟರಲ್ಲಿ ವೈರ್‌ಲೆಸ್ಸಿನಲ್ಲಿ ಸಂದೇಶ ಬಂತು. ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಹಲ್ಲೆ. ಕೆಂಪು ಎರಡು ಬಾಗಿಲ ಕಾರು.

ಬಂಕಿನ ನೆಲದ ಮೇಲೆ ರಕ್ತದ ಜೊತೆ ಎರಡು ಹಲ್ಲು ಬಿದ್ದಿದ್ದವು. ಏಟು ತಿಂದವನನ್ನು ಆಸ್ಪತ್ರೆಗೆ ಸಾಗಿಸಿದ್ದರು. ದವಡೆ ಎರಡು ಕಡೆ ಮುರಿದಿತ್ತು. ಅವನ ಜೊತೆ ಕೆಲಸ ಮಾಡುವವನು ಹೇಳಿದ:

"ಜಗಳ ಇಲ್ಲ, ಮಾತೂ ಇಲ್ಲ ಮೇಡಂ. ಪೆಟ್ರೋಲ್ ಹಾಕ್ತಾ ಇದ್ವಿ. ಬಾಗಿಲ ಮೇಲೆ ಪುಡಿ ಕೂತಿತ್ತು, ಬಣ್ಣ ಕಿತ್ತುಹೋಗಿ ಬರೀ ತಗಡು. ಇವ್ನು ಒಳ್ಳೇ ಮನಸ್ಸಿಂದ ಬಟ್ಟೆ ತಗೊಂಡು ಒರೆಸೋಕೆ ಹೋದ. ಆಯಪ್ಪ ಇಳಿದು, ಪೈಪಿನ ಮೂತಿ ಕಿತ್ಕೊಂಡು ಹೊಡೆದ. ಬಿದ್ಮೇಲೂ ಹೊಡೆದ. 'ಮುಟ್ಟಬೇಡ, ಮುಟ್ಟಬೇಡ' ಅಂತ ಅಳ್ತಾ ಹೊಡೆದ. ನಾವು ಮೂರು ಜನ ಎಳೆದ್ರೂ ಬಿಡಿಸೋಕಾಗ್ಲಿಲ್ಲ."

"ಯಾವ ಕಡೆ ಹೋದ?"

"ಊರ ಕಡೆನೇ ವಾಪಸ್."

ಇನ್‌ಸ್ಪೆಕ್ಟರ್ ಪಾಲಿಶ್‌ನ ಹೆಂಡತಿಗೆ ಫೋನು ಮಾಡಿದರು. "ಅಮ್ಮಾ, ಒಂದೇ ಪ್ರಶ್ನೆ. ನಿನ್ನೆ ಸಂಜೆ ಅವರು ಆ ಕಾರಿನ ಬಾಗಿಲು ಯಾಕೆ ತಿಕ್ಕಿದ್ರು?"

ಆ ಕಡೆಯಿಂದ ಸ್ವಲ್ಪ ಹೊತ್ತು ಮೂಗು ಸೆಳೆಯುವ ಸದ್ದು. "ಅದು ಅವ್ರ ಪದ್ಧತಿ ಮೇಡಂ. ಗಿರಾಕಿ ಕೈ ಎಲ್ಲಿ ನಿಲ್ಲುತ್ತೋ ಅಲ್ಲಿ ರೇಟ್ ಕತ್ತರಿಸ್ತಾನೆ ಅಂತ ಅವ್ರ ಲೆಕ್ಕ. ಅವ್ನು ಬಾಯಿ ಬಿಡೋದ್ರೊಳಗೆ ಆ ಜಾಗ ಸರಿಮಾಡಿಬಿಡೋರು. ನಿನ್ನೆ ಫೋನ್ ಮಾಡಿ, 'ಪಾರ್ಟಿ ಬಾಗಿಲಿಂದ ಕೈ ತೆಗೀತಿಲ್ಲ, ದುಡ್ಡು ತರೋಕೆ ಹೋಗಿದಾನೆ, ಬರೋದ್ರೊಳಗೆ ಗೀರು ಎತ್ತಿಬಿಡ್ತೀನಿ, ಊಟಕ್ಕೆ ತಡ ಆಗುತ್ತೆ' ಅಂದ್ರು. ತಡ ಆದ್ರೆ ಶೆಡ್ಡಲ್ಲೇ ಮಲಗೋರು, ಹಾಗೇ ಅಂದ್ಕೊಂಡು ಬೆಳಗ್ಗೆವರೆಗೂ ಸುಮ್ಮನಾದೆ. ಅದೇ ಕೊನೇ ಮಾತು. ಯಾರಿಗಾದ್ರೂ ಮೋಸ ಮಾಡಿದ್ರಾ ಮೇಡಂ ಅವ್ರು? ಅದಕ್ಕೇ ಹೊಡೆದ್ರಾ?"

"ಆಮೇಲೆ ಮಾತಾಡೋಣಮ್ಮ," ಎಂದು ಇನ್‌ಸ್ಪೆಕ್ಟರ್ ಫೋನು ಇಟ್ಟರು. "ಉದ್ದಣ್ಣ, ಗೀರು ಅಳಿಸಿದ ಕೈ ಜಜ್ಜಿದ. ಒರೆಸೋಕೆ ಬಂದವನ ದವಡೆ ಮುರಿದ. ಇನ್ನು ಕಾರು ಮಾರೋಕೆ ಕೊಟ್ಟವಳು ಒಬ್ಬಳೇ ಉಳಿದಿದಾಳೆ. ಓಡಿಸು."

ಉದ್ದಣ್ಣ ಜೀಪನ್ನು ಓಡಿಸಲಿಲ್ಲ, ಹಾರಿಸಿದ.

ಔಷಧಿ ಅಂಗಡಿ ತಲುಪಿದಾಗ ಮೂರು ಗಂಟೆ. ಮುಂದೆ ರಸ್ತೆಯ ಕಡೆ ಉದ್ದನೆಯ ಗಾಜು, ಹಿಂದೆ ಓಣಿಗೆ ತೆರೆಯುವ ಬಾಗಿಲು. ಬಿಳಿ ಕೋಟು ತೊಟ್ಟ ಮೂವತ್ತೈದರ ಹೆಂಗಸು ಒಬ್ಬ ಮುದುಕರಿಗೆ ಮಾತ್ರೆ ಎಣಿಸಿ ಕೊಡುತ್ತಿದ್ದಳು. ಇನ್‌ಸ್ಪೆಕ್ಟರ್ ಮುದುಕರನ್ನು ಹೊರಗೆ ಕಳಿಸಿ, ದಲ್ಲಾಳಿಯ ಸುದ್ದಿ ಹೇಳಿದರು. ಅವಳು ಕೌಂಟರಿನ ಅಂಚು ಹಿಡಿದುಕೊಂಡಳು. ಅವಳ ಎಡ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು.

"ಇದು?"

"ಅವ್ರೇ ಮುರಿದಿದ್ದು. ನನ್ನ ಗಂಡ. ಬೇರೆ ಆಗಿ ಒಂದು ವರ್ಷ ಆಯ್ತು. ಇಲ್ಲಿಗೆ ಬರಬಾರದು ಅಂತ ಕೋರ್ಟ್ ಆರ್ಡರ್ ಇದೆ."

"ಏನ್ ಕೆಲಸ?"

"ಮಕ್ಕಳಿಗೆ ಈಜು ಕಲಿಸ್ತಿದ್ರು. ಈಗ ಏನೂ ಇಲ್ಲ."

"ಬಾಗಿಲ ಮೇಲೆ ಆ ಚಿತ್ರ ಬರೆದಿದ್ದು ಯಾರು?"

ಅವಳು ಬಾಯಿ ತೆರೆದಳು. ಹಿಂದಿನ ಓಣಿಯಲ್ಲಿ ಒಂದು ಕಾರು ಬಂದು ನಿಂತ ಸದ್ದಾಯಿತು. ನಿಂತಿತು, ಆದರೆ ಇಂಜಿನ್ ಆರಲಿಲ್ಲ. ಗುರುಗುಡುತ್ತಲೇ ಇತ್ತು.

"ಬಂದ್ರು," ಎಂದಳು ಪಿಸುಮಾತಿನಲ್ಲಿ.

"ನೋಡದೆ ಹೇಗೆ ಹೇಳ್ತೀರಿ?"

"ಆ ಇಂಜಿನ್ ಜೋರಾಗಿ ಓಡಿಸಿದ ಮೇಲೆ ಒಂದೇ ಸಲ ಆಫ್ ಮಾಡಿದ್ರೆ ಟರ್ಬೊ ಸುಟ್ಟುಹೋಗುತ್ತೆ ಅಂತಾರೆ. ನಿಲ್ಲಿಸಿ ಎರಡು ನಿಮಿಷ ಹಾಗೇ ಬಿಡ್ತಾರೆ. ಏನೇ ಆಗಲಿ ಬಿಡ್ತಾರೆ. ಮಗಳನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ದಿನ ಒಂದೇ ಬಿಡಲಿಲ್ಲ."

ಒಬ್ಬನನ್ನು ಕೊಂದು, ಇನ್ನೊಬ್ಬನ ದವಡೆ ಮುರಿದು, ಮೂರನೆಯವಳ ಪ್ರಾಣ ತೆಗೆಯಲು ಬಂದವನು ಓಣಿಯಲ್ಲಿ ಕೂತು ಇಂಜಿನ್ ತಣ್ಣಗಾಗಲೆಂದು ಕಾಯುತ್ತಿದ್ದ. ಕಾರಿನವರಿಗೆ ಮಾತ್ರ ಬರುವ ಬುದ್ಧಿ ಇದು. ಆ ಎರಡು ನಿಮಿಷ ಪೊಲೀಸರಿಗೆ ಸಾಕಾಯಿತು. ಇನ್‌ಸ್ಪೆಕ್ಟರ್ ಅವಳನ್ನು ದಾಸ್ತಾನು ಕೋಣೆಗೆ ನೂಕಿ ಚಿಲಕ ಹಾಕಿದರು. ಉದ್ದಣ್ಣ ಹಿಂಬಾಗಿಲ ಮಗ್ಗುಲಿಗೆ ಗೋಡೆಗಂಟಿ ನಿಂತ. ಇನ್‌ಸ್ಪೆಕ್ಟರ್ ಕೌಂಟರಿನ ಹಿಂದೆ ಕೂತು ಲಾಠಿ ಹಿಡಿದರು. ಪಿಸ್ತೂಲು ಸೊಂಟದಲ್ಲಿತ್ತು, ಆದರೆ ಗಾಜಿನಾಚೆ ರಸ್ತೆ ತುಂಬ ಜನ.

ಇಂಜಿನ್ ಸದ್ದು ನಿಂತಿತು. ಬಾಗಿಲು ತೆರೆದು ಹಾಕಿಕೊಂಡಿತು. ಹೆಜ್ಜೆ ಬಂದವು.

ಅವನ ಕೈಯಲ್ಲಿ ಜಾಕಿನ ಕಬ್ಬಿಣದ ಹಿಡಿ ಇತ್ತು. ಶರ್ಟಿನ ತೋಳು ಒಣಗಿದ ರಕ್ತದಿಂದ ರಟ್ಟಿನಂತೆ ಬಿರುಸಾಗಿತ್ತು. ಅವನು ಹೆಂಡತಿಯನ್ನು ಕೂಗಿದ. ಬಹಳ ಮೆತ್ತಗೆ ಕೂಗಿದ. ಉದ್ದಣ್ಣ ಹಿಂದಿನಿಂದ ಅವನ ಕುತ್ತಿಗೆ ಬಳಸಿದ. ಮರುಕ್ಷಣದಲ್ಲಿ ಉದ್ದಣ್ಣ ಅವನ ತಲೆಯ ಮೇಲಿಂದ ಹಾರಿ ಔಷಧಿ ಕಪಾಟಿನ ಮೇಲೆ ಬಿದ್ದಿದ್ದ. ಕಪಾಟು ಮಗುಚಿತು. ಸಿರಪ್ ಬಾಟಲಿಗಳು ಒಡೆದು ನೆಲವೆಲ್ಲ ಅಂಟಾಯಿತು. ಏಳಲು ಹೋದ ಉದ್ದಣ್ಣನ ಮುಂಗೈಗೆ ಕಬ್ಬಿಣ ಬಿತ್ತು, ಮೂಳೆ ಮುರಿದದ್ದು ಇನ್‌ಸ್ಪೆಕ್ಟರಿಗೆ ಕೇಳಿಸಿತು. ಅವರು ಕೌಂಟರು ದಾಟಿ ಅವನ ಮೊಣಕಾಲ ಚಿಪ್ಪಿಗೆ ಬಾರಿಸಿದರು. ಇನ್ನೊಮ್ಮೆ ಬಾರಿಸಿದರು. ಅವನು ಕುಸಿದ, ಆದರೆ ನಿಲ್ಲಲಿಲ್ಲ. ಗಾಜಿನ ಚೂರುಗಳ ಮೇಲೆ ಅಂಗೈ ಊರಿ, ದಾಸ್ತಾನು ಕೋಣೆಯ ಕಡೆ ತೆವಳಿದ. ಚಿಲಕಕ್ಕೆ ಕೈ ಹಾಕಿದ.

"ಯಾಕೆ ಕೊಟ್ಟೆ? ಕೇಳಬಾರದಿತ್ತಾ ನನ್ನನ್ನ?" ಎಂದು ಬಾಗಿಲಿಗೆ ಹಣೆ ಚಚ್ಚಿದ. "ಯಾಕೆ ಕೊಟ್ಟೆ ಹೇಳೇ!"

ಒಳಗಿನಿಂದ ಅವಳ ಕಿರುಚಾಟ. ಇನ್‌ಸ್ಪೆಕ್ಟರ್ ಅವನ ಬೆನ್ನ ಮೇಲೆ ಮಂಡಿಯೂರಿ ಕೂತರು. ಅವನು ತಿರುಗಿ ಅವರ ತೋಳಿಗೆ ಹಲ್ಲು ಹಾಕಿದ. ಬಿಡಲಿಲ್ಲ. ಉದ್ದಣ್ಣ ಒಂದೇ ಕೈಯಲ್ಲಿ ಅವನ ಕೂದಲು ಹಿಡಿದು ತಲೆಯನ್ನು ನೆಲಕ್ಕೆ ಒತ್ತಿದ. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಬೇಡಿ ಬಿತ್ತು. ಬೇಡಿ ಬಿದ್ದ ಮೇಲೆ ಅವನು ಇಡೀ ಮೈ ಬಿಟ್ಟು ಹಾಗೇ ಮಲಗಿದ.

ಉದ್ದಣ್ಣ ಮುರಿದ ಕೈಯನ್ನು ಎದೆಗೆ ಅವುಚಿಕೊಂಡು ಗೋಡೆಗೊರಗಿದ. "ಮೇಡಂ, ಔಷಧಿ ಅಂಗಡೀಲೇ ಹೊಡೆಸ್ಕೊಂಡಿದ್ದು ಒಳ್ಳೇದಾಯ್ತು. ಒಂದು ನೋವಿನ ಮಾತ್ರೆ ಕೊಡಿ," ಎಂದ. ಅವನ ಕಣ್ಣಲ್ಲಿ ನೀರು ಬಂದಿತ್ತು, ಆದರೂ ನಗುತ್ತಿದ್ದ.

ಸಂಜೆ ಠಾಣೆಯಲ್ಲಿ ಹೆಂಡತಿಯ ಹೇಳಿಕೆ ಮೊದಲು ಬರೆದುಕೊಂಡರು. ಅವಳು ಮೇಜಿನ ಮೇಲೆ ಕಣ್ಣಿಟ್ಟು ಹೇಳಿದಳು.

"ಮಗಳಿಗೆ ಆಗ ಆರು ವರ್ಷ. ಅಪ್ಪನಿಗೆ ಆ ಕಾರು ಅಂದ್ರೆ ಪ್ರಾಣ ಅಂತ ಅವಳಿಗೆ ಗೊತ್ತಿತ್ತು. ಅದರ ಮೇಲೆ ನಮ್ಮ ಮೂರೂ ಜನರ ಚಿತ್ರ ಬರೆದ್ರೆ ಖುಷಿ ಪಡ್ತಾರೆ ಅಂದ್ಕೊಂಡಳು. ಕೈ ಹಿಡ್ಕೊಂಡು ಕರ್ಕೊಂಡು ಹೋಗಿ ತೋರಿಸಿದಳು. ಅವರು ನೋಡಿದ ಕ್ಷಣಕ್ಕೇ ಹೊಡೆದರು. ಒಂದೇ ಏಟು. ತುಟಿ ಒಡೀತು. ಜೀವನದಲ್ಲಿ ಅವಳನ್ನ ಹೊಡೆದಿದ್ದು ಅದೊಂದೇ ಸಲ. ಆ ವಾರವೇ ಅವಳಿಗೆ ಜ್ವರ ಬಂತು. ಉಳೀಲಿಲ್ಲ. ಏಟಿಗೂ ಜ್ವರಕ್ಕೂ ಸಂಬಂಧ ಇಲ್ಲ ಅಂತ ಡಾಕ್ಟರ್ ಎಷ್ಟು ಹೇಳಿದ್ರೂ ಅವರ ತಲೆಗೆ ಹೋಗಲಿಲ್ಲ. ಆಮೇಲೆ ಕಾರು ಓಡಿಸಲಿಲ್ಲ, ಬಾಗಿಲು ಮುಟ್ಟೋಕೂ ಬಿಡಲಿಲ್ಲ. ಬಣ್ಣ ಹೊಡೆಸೋಣ ಅಂದೆ, ಅದಕ್ಕೆ ಈ ಕೈ ಹೋಯ್ತು. ನನಗೂ ಅದನ್ನ ದಿನಾ ನೋಡೋಕಾಗ್ತಿರಲಿಲ್ಲ ಮೇಡಂ. ಅದಕ್ಕೇ ಮಾರೋಕೆ ಕೊಟ್ಟೆ. ಅವಳು ನನಗೂ ಮಗಳೇ ಅಲ್ವಾ?"

ಆರೋಪಿಯ ಅಂಗೈಗಳಿಗೆ, ಮೊಣಕಾಲಿಗೆ ಪಟ್ಟಿ ಕಟ್ಟಿಸಿ ಎದುರಿಗೆ ಕೂರಿಸಿದರು. ಅವನು ಯಾವುದನ್ನೂ ಅಲ್ಲಗಳೆಯಲಿಲ್ಲ.

"ದುಡ್ಡು ತಂದಿದ್ರಿ. ಕೊಟ್ಟು ಕಾರು ತಗೊಂಡು ಹೋಗಬಹುದಿತ್ತು."

"ಹೂಂ."

"ಮತ್ತೆ?"

"ಒಳಗೆ ಹೋದೆ. ಆ ಮನುಷ್ಯ ಬಾಗಿಲು ತಟ್ಟಿ ತೋರಿಸಿದ. 'ನೋಡಿ ಸಾರ್, ಏನೂ ಆಗೇ ಇಲ್ಲ ಅನ್ನೋ ಹಾಗೆ ಮಾಡಿದೀನಿ, ಬಣ್ಣ ಹೊಡೆಯೋದೊಂದು ಬಾಕಿ' ಅಂತ ನಕ್ಕ."

"ಆ ಗೀರು ನಿಮಗೆ ಬೇಕು ಅಂತ ಅವನಿಗೆ ಮೊದಲೇ ಹೇಳಿದ್ರಾ?"

ಅವನು ಇಲ್ಲವೆಂದು ತಲೆಯಾಡಿಸಿದ. "ಏನಂತ ಹೇಳ್ಲಿ?" ಎಂದ. ಆಮೇಲೆ ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಕಡೆ ತಿರುಗಿ, ಅವನೇ ಉತ್ತರ ಕೊಡಬೇಕೆನ್ನುವಂತೆ ಕೇಳಿದ: "ಆ ಗೀರಿಗೆ ತಾನೇ ನಾನು ಅವಳನ್ನ ಹೊಡೆದಿದ್ದು? ಗೀರೇ ಇಲ್ಲ ಅಂದ್ರೆ ಮತ್ತೆ ಯಾಕೆ ಹೊಡೆದೆ?"

ಕಾನ್‌ಸ್ಟೇಬಲ್ ಬರೆಯುವುದೋ ಬಿಡುವುದೋ ತಿಳಿಯದೆ ಇನ್‌ಸ್ಪೆಕ್ಟರ್ ಮುಖ ನೋಡಿದ. ಬರೆದುಕೊಳ್ಳಲು ಅವರು ಸನ್ನೆ ಮಾಡಿ ಎದ್ದು ಹೊರಗೆ ಬಂದರು. ಅವರಿಗೂ ಮಗಳಿದ್ದಳು. ಬೆಳಗ್ಗೆ ಹಾಲು ಚೆಲ್ಲಿದ್ದಕ್ಕೆ ಅವಳನ್ನು ಗದರಿ ಬಂದಿದ್ದರು.

ಜಗಲಿಯ ಬೆಂಚಿನ ಮೇಲೆ ಪಾಲಿಶ್‌ನ ಹೆಂಡತಿ ಕೂತಿದ್ದಳು. ಮರಣೋತ್ತರ ಪರೀಕ್ಷೆ ಮುಗಿಸಿದ ಹೆಣ ನಾಳೆ ಕೊಡುತ್ತಾರೆಂದು ಹೇಳಿದರೂ ಮನೆಗೆ ಹೋಗಿರಲಿಲ್ಲ.

"ಸಿಕ್ಕಿದ್ನಂತಲ್ಲ ಮೇಡಂ. ಯಾಕಂತೆ? ನಮ್ಮನೆಯವ್ರು ಏನ್ ಮೋಸ ಮಾಡಿದ್ರಂತೆ?"

"ಮೋಸ ಏನೂ ಮಾಡಿಲ್ಲಮ್ಮ. ಬಾಗಿಲ ಮೇಲೆ ಒಂದು ಗೀರಿತ್ತು. ಅವನ ಸತ್ತುಹೋದ ಮಗಳು ಬರೆದಿದ್ದು. ಅದನ್ನ ಅಳಿಸಿದ್ರು."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಮತ್ತೆ ತೆಗೆದಳು.

"ಇದು ನನ್ನ ಮಗಳು ಬರೆದಿದ್ದು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಮೇಡಂ. ನಮ್ಮವ್ರು ಸುತ್ತ ಪಾಲಿಶ್ ಹೊಡೆದು ಅದನ್ನ ಹಾಗೇ ಬಿಟ್ಟು ಕೊಡ್ತಿದ್ರು. ಒಂದು ಮಾತು ಹೇಳೋಕೆ ಆಗ್ಲಿಲ್ವಾ ಆ ಮನುಷ್ಯನಿಗೆ?"

ಇನ್‌ಸ್ಪೆಕ್ಟರ್ ಅವಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರು.